ಹಿತ್ತಲಿನಿಂದ ಬಂದ ರೊಟ್ಟಿಯ ಸದ್ದು

ನಡುಮಧ್ಯಾಹ್ನ ಬಾಗಲಕೋಟೆಯ ನವನಗರದಲ್ಲಿ ಸದ್ದೇ ಇರುವುದಿಲ್ಲ. ಅಗಲವಾದ ರಸ್ತೆ, ಅಲ್ಲಲ್ಲಿ ಬೇವಿನ ನೆರಳು, ಮುಚ್ಚಿದ ಗೇಟುಗಳು. ಆ ಮೌನದ ನಡುವೆ ಒಂದು ಮನೆಯ ಹಿತ್ತಲಿನಿಂದ ಪಟಪಟ ಪಟಪಟ ಎಂದು ಕೇಳಿಸಿತು. ಒಂದೇ ಜೋಡಿ ಕೈಯ ಸದ್ದಲ್ಲ ಅದು. ಒಬ್ಬರದು ನಿಲ್ಲುವಷ್ಟರಲ್ಲಿ ಇನ್ನೊಬ್ಬರದು ಶುರುವಾಗುತ್ತಿತ್ತು. ನಾನು ಮಲೆನಾಡಿನವಳು. ನಮ್ಮ ಕಡೆ ಅಕ್ಕಿರೊಟ್ಟಿಯನ್ನು ತಟ್ಟುತ್ತೇವೆ, ಅದಕ್ಕೆ ಸದ್ದಿಲ್ಲ. ಇಲ್ಲಿಯವರು ರೊಟ್ಟಿ ಬಡಿಯುತ್ತಾರೆ. ಆ ಮಾತನ್ನು ಎಷ್ಟೋ ಸಲ ಕೇಳಿದ್ದೆ, ಅದರ ಅರ್ಥ ಕಿವಿಗೆ ಬಿದ್ದದ್ದು ಅಂದು.

ಆ ಬೀದಿಗೆ ನಾನು ಬೇಕೆಂದು ಹೋದವಳಲ್ಲ. ತಂಗಿಗೆ ಬಾಗಲಕೋಟೆಗೆ ವರ್ಗವಾಗಿ ನವನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಜನವರಿಯ ಕೊನೆಯಲ್ಲಿ ಅವಳನ್ನು ನೋಡಲು ಹೋಗಿದ್ದೆ. ಹಳೆ ಊರಿನ ಪೇಟೆ ಸುತ್ತಿಕೊಂಡು ಹಿಂದಿರುಗುವಾಗ ಆಟೋದವನಿಗೆ ‘ನವನಗರ’ ಎಂದಷ್ಟೇ ಹೇಳಿದೆ. ಅವನು ಬಸ್ ನಿಲ್ದಾಣದ ಹತ್ತಿರ ಇಳಿಸಿ, ಇದೇ ನವನಗರ ಎಂದು ಹೊರಟುಹೋದ. ತಂಗಿ ತರಗತಿಯಲ್ಲಿದ್ದಳು, ಮೊಬೈಲ್ ಎತ್ತಲಿಲ್ಲ. ಮುಕ್ಕಾಲು ಗಂಟೆ ಬಿಸಿಲಿನಲ್ಲಿ ಅಲೆದೆ. ಎಲ್ಲ ಬೀದಿಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದವು. ಈ ಊರಿಗೆ ಹೋಗುವವರು ದಯವಿಟ್ಟು ಸೆಕ್ಟರ್ ಸಂಖ್ಯೆ ಮತ್ತು ಮನೆ ಸಂಖ್ಯೆ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ದೇವಸ್ಥಾನದ ಎದುರು, ದೊಡ್ಡ ಮರದ ಪಕ್ಕ ಎಂಬ ನಮ್ಮೂರಿನ ಗುರುತುಗಳು ಇಲ್ಲಿ ನಡೆಯುವುದಿಲ್ಲ.

ಗೇಟಿನ ಬಳಿ ನಿಂತು, “ಅಮ್ಮಾ, ಸ್ವಲ್ಪ ನೀರು ಕೊಡುತ್ತೀರಾ?” ಎಂದೆ. ಹಿತ್ತಲಿನಿಂದಲೇ ಉತ್ತರ ಬಂತು: “ಒಳಗೆ ಬಾರವ್ವ, ಬಿಸಿಲಿನಲ್ಲಿ ಯಾಕೆ ನಿಂತೆ?”

ತಗಡಿನ ಚಪ್ಪರದ ಕೆಳಗೆ ಎರಡು ಕಟ್ಟಿಗೆ ಒಲೆಗಳು. ನಾಲ್ಕು ಜನ ಹೆಂಗಸರು. ಕರೆದವರಿಗೆ ಅರವತ್ತು ದಾಟಿರಬೇಕು, ಹಣೆಯ ಮೇಲೆ ವಿಭೂತಿ, ಮೊಣಕೈವರೆಗೆ ಹಿಟ್ಟು. ನೀರಿನ ಜೊತೆ ಒಂದು ತುಂಡು ಬೆಲ್ಲ ಕೊಟ್ಟು, ನನ್ನನ್ನು ನೆರಳಿನಲ್ಲಿ ಕೂರಿಸಿ, ತಮ್ಮ ಕೆಲಸಕ್ಕೆ ಮರಳಿದರು. ಕುದಿಯುವ ಎಸರನ್ನು ಜೋಳದ ಹಿಟ್ಟಿಗೆ ಸುರಿದು ಮೊದಲು ಸೌಟಿನಲ್ಲಿ ಕಲೆಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ನಾದುತ್ತಿದ್ದರು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಬಿಸಿನೀರು ಬಿದ್ದರೆ ಮಾತ್ರ ಅದಕ್ಕೆ ಜಿಗಿ ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಎಸರು ಹೊಯ್ದರೂ ಅಂಚು ಬಿರಿಯುತ್ತದೆ. “ಎರೆಭೂಮಿಯ ಬಿಳಿಜೋಳ, ಎಂಟು ದಿನಕ್ಕೊಮ್ಮೆ ಬೀಸಿಸುತ್ತೇನೆ,” ಎಂದರು. ಉಂಡೆ ಹಲಗೆಯ ಮೇಲೆ ತಿರುಗುತ್ತ ತಿರುಗುತ್ತ ಹುಣ್ಣಿಮೆ ಚಂದ್ರನಷ್ಟು ಅಗಲವಾಯಿತು. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಕೊನೆಗೆ ಕೆಂಡದ ಪಕ್ಕ ಒರಗಿಸಿ ನಿಲ್ಲಿಸುತ್ತಿದ್ದರು. ಅದು ಗರಿಗರಿಯಾದ ಕಟಕ ರೊಟ್ಟಿಯಾಗುವ ಹಂತ.

“ಇಷ್ಟು ದೊಡ್ಡ ಮನೆಯಲ್ಲಿ ಗ್ಯಾಸ್ ಇಲ್ಲವೇ?” ಎಂದು ಕೇಳಿದೆ.

“ಇದೆಯಲ್ಲ, ಚಹಾಕ್ಕೆ,” ಎಂದರು. ಆಮೇಲೆ ಹಂಚಿನತ್ತ ತೋರಿಸಿ, “ಇದು ಹಳೆ ಮನೆಯದು. ಹಳೆ ಊರಿನ ಕಿಲ್ಲಾ ಓಣಿಯಿಂದ ಬರುವಾಗ ತಂದೆ. ಒಲೆ ತರಲು ಆಗಲಿಲ್ಲ.”

ಬಾಗಲಕೋಟೆಯನ್ನು ಮುಳುಗಡೆಯ ಊರು ಎನ್ನುತ್ತಾರೆಂದು ಗೊತ್ತಿತ್ತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಘಟಪ್ರಭೆಯ ದಂಡೆಯವರೆಗೆ ಸರಿದು ಬಂತು, ಹಳೆ ಊರಿನ ತಗ್ಗಿನ ಓಣಿಗಳು ಹೋದವು, ಅಲ್ಲಿನವರಿಗಾಗಿ ಈ ನವನಗರವನ್ನು ಕಟ್ಟಿದರು. ಓದಿ ತಿಳಿದಿದ್ದೆ, ಅಷ್ಟೇ. ಆದರೆ ಇಲ್ಲಿ ಕುಳಿತ ನಾಲ್ವರೂ ಜಲಾಶಯದ ಮಟ್ಟವನ್ನು ತಮ್ಮ ಮಕ್ಕಳ ವಯಸ್ಸಿನಂತೆ ಹೇಳುತ್ತಿದ್ದರು. ಈಗ ನಿಲ್ಲುವುದು 519.60 ಮೀಟರ್. 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ಇದೆ. “ಐನೂರ ಇಪ್ಪತ್ನಾಲ್ಕಾದರೆ ನನ್ನ ತಂಗಿಯ ಮನೆಯೂ ಹೋಗುತ್ತದೆ,” ಎಂದು ಹಲಗೆಯಿಂದ ಕಣ್ಣೆತ್ತದೆ ಒಬ್ಬರು ಹೇಳಿದರು.

ಆ ಮಾತಿನಲ್ಲೇ ಬಹಳ ಹೊತ್ತು ಕುಳಿತೆವು. ಹಿರಿಯರು ಹೇಳಿದ್ದು ಇದು: ಪರಿಹಾರ ಬಂತು, ನಿವೇಶನ ಬಂತು, ಮನೆ ಹಳೆಯದಕ್ಕಿಂತ ಚೆನ್ನಾಗಿಯೇ ಆಯಿತು. ಆದರೆ ಓಣಿಯ ಐದು ಮನೆಗಳು ಐದು ಸೆಕ್ಟರ್‌ಗಳಿಗೆ ಹಂಚಿಹೋದವು. ಅಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ವಾರದ ಮೊದಲೇ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಹಲಗೆ ಹಿಡಿದು ಬಂದು ಸಾವಿರ ರೊಟ್ಟಿ ಬಡಿದು ಒಟ್ಟುತ್ತಿದ್ದರು. “ಇಲ್ಲಿಗೆ ಬಂದ ಮೊದಲ ವರ್ಷ ಒಬ್ಬಳೇ ರೊಟ್ಟಿ ಮಾಡುವಾಗ ನನ್ನ ಕೈಯ ಸದ್ದು ನನಗೇ ಕೇಳಿಸುತ್ತಿತ್ತು. ಅಂಜಿಕೆ ಬರುತ್ತಿತ್ತು, ಯವ್ವಾ.” ಹತ್ತು ರೊಟ್ಟಿ ಬೇಕೆಂದು ಪಕ್ಕದ ಮನೆಯ ನೌಕರಿಯವರು ಕೇಳಿದರಂತೆ, ಆಮೇಲೆ ಇಪ್ಪತ್ತು, ಆಮೇಲೆ ಯಾವುದೋ ಖಾನಾವಳಿ. ಒಬ್ಬರಿಂದ ಆಗದಾದಾಗ ಹಳೆ ಓಣಿಯವರನ್ನು ಹುಡುಕಿ ಕರೆದರು. ಈಗ ಇಬ್ಬರು ಮಗನ ಬೈಕಿನಲ್ಲಿ ಬಂದಿಳಿಯುತ್ತಾರೆ, ಒಬ್ಬರು ನಡೆದು ಬರುತ್ತಾರೆ.

ಊಟ ಹಾಕಿದರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಹಿಂದಿನ ರಾತ್ರಿ ಮುಖ್ಯ ರಸ್ತೆಯ ಹೋಟೆಲೊಂದರಲ್ಲಿ ‘ಉತ್ತರ ಕರ್ನಾಟಕದ ಊಟ’ ಎಂದು ಪನೀರಿನ ಗ್ರೇವಿಯೊಂದಿಗೆ ರೊಟ್ಟಿ ಕೊಟ್ಟಿದ್ದರು. ಆ ಸಿಹಿ ಗ್ರೇವಿಗೂ ಜೋಳಕ್ಕೂ ಯಾವ ಸಂಬಂಧವೂ ಇಲ್ಲ. ಇಲ್ಲಿ ತಾಟಿನಲ್ಲಿ ಬಿಸಿ ರೊಟ್ಟಿ, ಹುಣಸೆಯ ಹುಳಿ ಮುಂದಾದ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಒಂದು ಹಿಡಿ ಹಕ್ಕರಕಿ ಸೊಪ್ಪು. ಆ ಸೊಪ್ಪನ್ನು ತೊಳೆದು ಹಾಗೆಯೇ ತಿನ್ನುತ್ತಾರೆ, ಸ್ವಲ್ಪ ಕಹಿ, ತುಂಬ ತಾಜಾ. ಇಲ್ಲಿ ಹಿಂಡಿ ಎಂದರೆ ಚಟ್ನಿಪುಡಿ. ಶೇಂಗಾ ಹಿಂಡಿಯನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮನಸ್ಸು ಗುರೆಳ್ಳು, ಅಂದರೆ ಹುಚ್ಚೆಳ್ಳಿನ ಹಿಂಡಿಗೆ ಸೋತಿತು. ಕಪ್ಪಗೆ ಮಣ್ಣಿನಂತೆ ಕಾಣುವ ಆ ಪುಡಿಯ ಮೇಲೆ ಎಣ್ಣೆ ಬಿದ್ದ ಕೂಡಲೇ ಹುರಿದ ಬೀಜದ ಘಮ ಮೂಗಿಗೆ ಅಡರುತ್ತದೆ, ಬೆಳ್ಳುಳ್ಳಿ ಆಮೇಲೆ ನಿಧಾನವಾಗಿ ಬರುತ್ತದೆ. ಎರಡು ರೊಟ್ಟಿಯನ್ನು ಅದರಲ್ಲೇ ಮುಗಿಸಿದೆ. ಹಣ ಕೊಡಲು ಹೋದರೆ, “ರೊಟ್ಟಿ ಕಟ್ಟಿಸಿಕೊಂಡರೆ ಹಣ ಕೊಡು, ಉಂಡದ್ದಕ್ಕೆ ಯಾರಾದರೂ ಕೊಡುತ್ತಾರೆಯೇ?” ಎಂದು ಗದರಿದರು.

ಮುಂದಿನ ಎರಡು ದಿನ ಬಾದಾಮಿ, ಐಹೊಳೆ, ಪಟ್ಟದಕಲ್ಲು. ಅವುಗಳ ಬಗ್ಗೆ ಬಲ್ಲವರು ಬಹಳ ಬರೆದಿದ್ದಾರೆ. ಬನಶಂಕರಿ ಗುಡಿಯ ಮುಂದೆ ಬುಟ್ಟಿ ಹೊತ್ತು ರೊಟ್ಟಿ, ಪಲ್ಯ, ಮೊಸರು ಮಾರುವ ಅಜ್ಜಿಯರ ಬಳಿ ಉಂಡೆ, ರುಚಿಯಾಗಿಯೇ ಇತ್ತು. ಆದರೆ ಮನಸ್ಸು ನವನಗರದಲ್ಲಿತ್ತು.

ಒಂದು ನೋವು ಹೇಳಿಬಿಡುತ್ತೇನೆ. ಬಾದಾಮಿಯಿಂದ ಬರುವ ದಾರಿಯಲ್ಲಿ ಅಂಗಡಿಯೊಂದರಲ್ಲಿ ನಲವತ್ತು ಕಟಕ ರೊಟ್ಟಿ ಕೊಂಡಿದ್ದೆ. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕೊಟ್ಟರು. ಮರುದಿನ ಬಿಚ್ಚಿದರೆ ಒಳಗೆಲ್ಲ ಬೆವರು, ರೊಟ್ಟಿ ತೊಗಲಿನಂತೆ ಮೆತ್ತಗಾಗಿತ್ತು, ಕೆಳಗಿನವು ಆಗಲೇ ಮುಗ್ಗಿದ್ದವು. ಅಷ್ಟೂ ಜನರ ಶ್ರಮ ಎಮ್ಮೆಯ ಬಾನಿಗೆ ಹೋದದ್ದು ಇನ್ನೂ ಚುಚ್ಚುತ್ತದೆ. ರೊಟ್ಟಿ ಪೂರ್ತಿ ಆರಿರಬೇಕು, ಹತ್ತಿ ಬಟ್ಟೆಯಲ್ಲಿ ಸುತ್ತಿರಬೇಕು, ಪ್ರಯಾಣದಲ್ಲಿ ಅದರ ಮೇಲೆ ಏನನ್ನೂ ಇಡಬಾರದು.

ಇದನ್ನು ನನಗೆ ಹೇಳಿದ್ದು ಅದೇ ಹಿರಿಯರು. ಊರಿಗೆ ಹೊರಡುವ ದಿನ ಮತ್ತೆ ಅವರ ಗೇಟು ತೆರೆದೆ. ಈ ಸಲ ಸೆಕ್ಟರ್ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಐವತ್ತು ರೊಟ್ಟಿ ಎಣಿಸಿ, ಮೇಲೆ ಎರಡು ಹೆಚ್ಚಿಗೆ ಇಟ್ಟು, ತಮ್ಮ ಹಳೆಯ ಇಳಕಲ್ ಸೀರೆಯ ಒಂದು ತುಂಡಿನಲ್ಲಿ ಗಂಟು ಕಟ್ಟಿದರು.

“ಬಟ್ಟೆ ತಂದುಕೊಡು,” ಎಂದರು. “ಹೋಳಿ ಹುಣ್ಣಿಮೆಗೆ ಬಾ. ಅಂದು ನಾವೆಲ್ಲ ಕಿಲ್ಲಾಕ್ಕೆ ಹೋಗುತ್ತೇವೆ. ಓಣಿಯಲ್ಲಿ ಉಳಿದಷ್ಟು ತೋರಿಸುತ್ತೇನೆ.”

ಸೀರೆಯ ತುಂಡನ್ನು ಒಗೆದು ಮಡಚಿಟ್ಟಿದ್ದೇನೆ. ಹುಣ್ಣಿಮೆಯ ಹಿಂದಿನ ದಿನದ ರೈಲಿಗೆ ತಂಗಿ ಟಿಕೆಟ್ ಮಾಡಿಸಿದ್ದಾಳೆ.