ಇನ್ನೊಂದು ದಿನ ಇರಿ: ವಿದ್ಯಾರ್ಥಿಗಳ ಜೊತೆ ಸಿಮ್ಹಾತ್ ತೋರಾ

ಯೆಹೂದಿ ಪಂಚಾಂಗದ ತಿಶ್ರಿ ತಿಂಗಳಲ್ಲಿ ಹಬ್ಬಗಳು ಸಾಲುಗಟ್ಟಿ ಬರುತ್ತವೆ. ಹೊಸ ವರ್ಷ, ಯೋಮ್ ಕಿಪ್ಪೂರಿನ ಉಪವಾಸ, ಏಳು ದಿನದ ಪರ್ಣಶಾಲೆಗಳ ಹಬ್ಬ ಮುಗಿಯುವಷ್ಟರಲ್ಲಿ ಕಾಲೇಜಿನ ಮಕ್ಕಳು ದಣಿದಿರುತ್ತಾರೆ. ತಪ್ಪಿಸಿದ ತರಗತಿಗಳ ಲೆಕ್ಕ ಒಂದು ಕಡೆ, ಪರೀಕ್ಷೆ ಇನ್ನೊಂದು ಕಡೆ. ಹಾಗಾಗಿ ತಿಂಗಳ 21, 22, 23ನೇ ದಿನಗಳನ್ನು, ಅಂದರೆ ತೋರಾ (ಮೋಶೆಯ ಐದು ಗ್ರಂಥಗಳು) ಪಾರಾಯಣ ಮುಗಿಸಿ ಮತ್ತೆ ಆರಂಭಿಸುವ ಸಿಮ್ಹಾತ್ ತೋರಾದವರೆಗಿನ ಹಬ್ಬಗಳನ್ನು, ಬಿಟ್ಟುಬಿಡುವವರು ಬಹಳ. ನಮಗೆ ಅದೇ ದೊಡ್ಡ ನಷ್ಟ ಅನಿಸುತ್ತದೆ, ಏಕೆಂದರೆ ದೇವರು ಅತ್ಯಂತ ಸಮೀಪಕ್ಕೆ ಕರೆಯುವುದು ಈ ಕೊನೆಯಲ್ಲೇ. ಹಿಂದೆ ಯೆರೂಸಲೇಮಿನ ದೇವಾಲಯದಲ್ಲಿ ಪರ್ಣಶಾಲೆಗಳ ಹಬ್ಬದ ಏಳು ದಿನಕ್ಕೆ ಒಟ್ಟು 70 ಹೋರಿಗಳ ಬಲಿ ಸಲ್ಲುತ್ತಿತ್ತು, ಲೋಕದ 70 ಜನಾಂಗಗಳ ಹೆಸರಿನಲ್ಲಿ. ಎಂಟನೆಯ ದಿನ ಒಂದೇ ಒಂದು. ಮಧ್ಯಯುಗದ ಬೈಬಲ್ ವ್ಯಾಖ್ಯಾನಕಾರ ರಾಶಿಯ ಬರಹದಲ್ಲಿ ಇದಕ್ಕೊಂದು ದೃಷ್ಟಾಂತವಿದೆ: ಔತಣ ಮುಗಿಸಿ ಹೊರಟು ನಿಂತ ಮಕ್ಕಳಿಗೆ ರಾಜ ಹೇಳುತ್ತಾನೆ, ನಿಮ್ಮ ಅಗಲಿಕೆ ನನಗೆ ಕಷ್ಟ, ಇನ್ನೊಂದು ದಿನ ಇರಿ. ಮನೆಯಿಂದ ದೂರ, ಹಾಸ್ಟೆಲಿನಲ್ಲಿ ಇರುವವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

21ನೇ ದಿನ, ಪರ್ಣಶಾಲೆಗಳ ಹಬ್ಬದ ಕೊನೆಯ ದಿನ, ಹೊಶಾನಾ ರಬ್ಬಾ. ಮಾದಲ ಹಣ್ಣು, ಖರ್ಜೂರದ ಸುಳಿಗರಿ, ಮೂರು ಮಿರ್ಟಲ್ ರೆಂಬೆ, ಎರಡು ವಿಲೋ ರೆಂಬೆ ಹಿಡಿದು ವೇದಿಕೆಗೆ ಏಳು ಸುತ್ತು. ಆಮೇಲೆ ಅವನ್ನು ಕೆಳಗಿಟ್ಟು, ಬೇರೆಯಾಗಿ ಕಟ್ಟಿದ ಐದು ವಿಲೋ ರೆಂಬೆಗಳನ್ನು ತೆಗೆದುಕೊಂಡು ನೆಲಕ್ಕೆ ಬಡಿಯಬೇಕು. ರೂಢಿ ಐದು ಪೆಟ್ಟು. ಎಲೆಯೆಲ್ಲ ಉದುರುವ ತನಕ ಬಡಿಯುವ ಹುಮ್ಮಸ್ಸು ಹುಡುಗರಿಗೆ ಬರುತ್ತದೆ, ಅದರ ಅಗತ್ಯವಿಲ್ಲ. ವಿಲೋ ಬೇಗ ಒಣಗುವ ಗಿಡ. ವಾರದ ಮೊದಲೇ ತಂದಿಟ್ಟರೆ ಎಲೆ ಕಪ್ಪಾಗಿ ತಾನೇ ಉದುರುತ್ತದೆ. ಹಿಂದಿನ ದಿನ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಮಾದಲಕ್ಕೆ ರುಚಿಯೂ ಇದೆ ಪರಿಮಳವೂ ಇದೆ, ವಿಲೋಗೆ ಎರಡೂ ಇಲ್ಲ; ಓದೂ ಇಲ್ಲದ, ಸತ್ಕಾರ್ಯವೂ ಇಲ್ಲದ ಮನುಷ್ಯನಿಗೆ ಹಿರಿಯರು ಅದನ್ನು ಹೋಲಿಸಿದರು. ವರ್ಷದ ತೀರ್ಪಿಗೆ ಕೊನೆಯ ಮುದ್ರೆ ಬೀಳುವ ಈ ದಿನ ಕೈಯಲ್ಲಿ ಉಳಿಯುವುದು ಅದೊಂದೇ. ಹೀಬ್ರೂ ಅಕ್ಷರ ಬಾರದೆ ಹಿಂದಿನ ಬೆಂಚಿನಲ್ಲಿ ಕೂರುವ ವಿದ್ಯಾರ್ಥಿಗೆ ಮೊದಲು ಈ ರೆಂಬೆಯ ವಿಷಯ ಹೇಳಿ.

22ರಂದು, ಎಂಟನೆಯ ದಿನದ ಹಬ್ಬವಾದ ಶೆಮಿನಿ ಅತ್ಸೆರೆತ್‌ನಲ್ಲಿ, ಮಳೆಯ ಪ್ರಾರ್ಥನೆ. ಬಿಳಿ ನಿಲುವಂಗಿ ತೊಟ್ಟವರು ಮುಂದೆ ನಿಂತು ಹಾಡುತ್ತಾರೆ: ಶಾಪಕ್ಕಲ್ಲ, ಆಶೀರ್ವಾದಕ್ಕೆ; ಸಾವಿಗಲ್ಲ, ಬದುಕಿಗೆ; ಕೊರತೆಗಲ್ಲ, ಸಮೃದ್ಧಿಗೆ. ಅಂದಿನಿಂದ ಪಸ್ಕ ಹಬ್ಬದ ಮೊದಲ ದಿನದವರೆಗೆ ನಿತ್ಯ ಪ್ರಾರ್ಥನೆಯಲ್ಲಿ ಮಳೆಯ ಸ್ತುತಿ ಸೇರುತ್ತದೆ. ಹೇಳಿದೆನೋ ಇಲ್ಲವೋ ಎಂಬ ಸಂಶಯ ಮೊದಲ 30 ದಿನದಲ್ಲಿ ಬಂದರೆ, ಹಳೆಯ ಅಭ್ಯಾಸದಂತೆ ಅದನ್ನು ಬಿಟ್ಟೇ ಹೇಳಿದ್ದೀರಿ ಎಂದು ಲೆಕ್ಕ. ಮೊದಲೇ 90 ಬಾರಿ ಆ ಸಾಲನ್ನು ಹೇಳಿಕೊಂಡು ನಾಲಿಗೆಗೆ ರೂಢಿ ಮಾಡಿಸುವ ಪದ್ಧತಿ ಇರುವುದು ಅದಕ್ಕೇ. ಸ್ತುತಿ ಇಂದೇ ಶುರುವಾದರೂ, 'ಮಳೆ ಕೊಡು' ಎಂಬ ಬೇಡಿಕೆ ಇಸ್ರೇಲಿನಲ್ಲಿ ಮುಂದಿನ ತಿಂಗಳ 7ರವರೆಗೆ ಕಾಯುತ್ತದೆ. ಯೆರೂಸಲೇಮಿಗೆ ಬಂದ ಯಾತ್ರಿಕರಲ್ಲಿ ಅತಿ ದೂರದವನು ಯೂಫ್ರೆಟಿಸ್ ನದಿ ಮುಟ್ಟಲು 15 ದಿನ ಬೇಕಿತ್ತು. ಅವನು ದಾರಿಯಲ್ಲಿ ನೆನೆಯಬಾರದು. ಇಡೀ ನಾಡಿನ ಹೊಲ ಒಬ್ಬ ಪ್ರಯಾಣಿಕನಿಗಾಗಿ ಕಾಯುವುದು! ಈ ಹಬ್ಬಗಳಲ್ಲಿ ನಮ್ಮನ್ನು ಅತಿ ಹೆಚ್ಚು ತಟ್ಟುವ ನಿಯಮ ಇದು.

ಇಸ್ರೇಲಿನಲ್ಲಿ ಅದೇ ದಿನ, ಹೊರನಾಡಿನಲ್ಲಿ ಮರುದಿನ, ಸಿಮ್ಹಾತ್ ತೋರಾ. ಅಡುಗೆಯ ಎಡವಟ್ಟು ಆಗುವುದು ಈ ನಡುವಿನ ಸಂಜೆಯಲ್ಲೇ. ಮೊದಲ ದಿನ ಎರಡನೆಯ ದಿನಕ್ಕೆಂದು ಏನೂ ಸಿದ್ಧಮಾಡುವಂತಿಲ್ಲ. ಕತ್ತಲಾದ ಮೇಲೆಯೇ ಮೇಜು ಹಾಸಬೇಕು. ಹೊಸದಾಗಿ ಬೆಂಕಿ ಹೊತ್ತಿಸುವಂತಿಲ್ಲ, ಮೊದಲೇ ಉರಿಯುತ್ತಿರುವ ದೀಪದಿಂದ ಹಚ್ಚಬಹುದು. ಎರಡು ದಿನ ಉರಿಯುವ ಮೇಣದ ದೀಪವೊಂದನ್ನು ಮೊದಲೇ ಇಟ್ಟಿರಿ. ಊಟ ತಡವಾಗುತ್ತದೆ, ಆದ್ದರಿಂದ ಮಧ್ಯಾಹ್ನ ಹೊಟ್ಟೆ ತುಂಬ ಬಡಿಸಿ.

ರಾತ್ರಿ ಪೆಟ್ಟಿಗೆಯಿಂದ ತೋರಾ ಸುರುಳಿಗಳನ್ನೆಲ್ಲ ಹೊರತೆಗೆದು ಏಳು ಸುತ್ತು, ಪ್ರತಿ ಸುತ್ತಿಗೂ ಹಾಡು, ಕುಣಿತ. ಮೊದಲ ಎರಡನ್ನೇ ಎಳೆದಾಡಿದರೆ ಏಳನೆಯದಕ್ಕೆ ಸಭಾಂಗಣ ಖಾಲಿ. ಸುತ್ತಿಗೆ ಹತ್ತು ನಿಮಿಷ ಸಾಕು, ಹಾಡು ಶುರುಮಾಡುವವರನ್ನು ಮೊದಲೇ ಗೊತ್ತುಮಾಡಿ. ಸುರುಳಿಯನ್ನು ಬಲ ಭುಜಕ್ಕೆ ಒರಗಿಸಿ, ಎರಡೂ ತೋಳಿನಿಂದ ಅಪ್ಪಿ ಹಿಡಿಯಬೇಕು. ಹತ್ತು ಕಿಲೋ ದಾಟುವುದು ಸಾಮಾನ್ಯ. ಬಿದ್ದರೆ 40 ದಿನದ ಉಪವಾಸವನ್ನು ಸಭೆ ಹಂಚಿಕೊಳ್ಳುವ ವಾಡಿಕೆ ಇದೆ. ಮದ್ಯ ಕುಡಿದವರ ಕೈಗೆ ಸುರುಳಿ ಕೊಡಲೇಬೇಡಿ. ಆ ದಿನದ ಕುಡಿತಕ್ಕೆ ಹೆದರಿಯೇ ಯಾಜಕರ ಆಶೀರ್ವಾದವನ್ನು ಹಲವು ಸಭೆಗಳು ಬೆಳಗಿನ ಮೊದಲ ಪ್ರಾರ್ಥನೆಗೆ ಸರಿಸಿವೆ. ಹೆಣ್ಣುಮಕ್ಕಳು ಸುರುಳಿ ಹೊರುವ ವಿಷಯದಲ್ಲಿ ಸಭೆಗೊಂದು ಪದ್ಧತಿ; ಬಾಗಿಲಲ್ಲಿ ಅಲ್ಲ, ಕರೆಯುವಾಗಲೇ ತಿಳಿಸುವುದು ಮರ್ಯಾದೆ.

ಸೋವಿಯತ್ ಕಾಲದ ಮಾಸ್ಕೋದಲ್ಲಿ, 1960-70ರ ದಶಕಗಳಲ್ಲಿ, ಅರ್ಖಿಪೋವ್ ಬೀದಿಯ ಸಿನಗಾಗ್ (ಯೆಹೂದಿ ಪ್ರಾರ್ಥನಾ ಮಂದಿರ) ಮುಂದೆ ಈ ರಾತ್ರಿ ಸಾವಿರಾರು ಯುವಜನ ಸೇರುತ್ತಿದ್ದರು. ಬಹುಪಾಲು ಮಂದಿಗೆ ಪ್ರಾರ್ಥನೆ ಗೊತ್ತಿರಲಿಲ್ಲ, ಬಂದದ್ದು ಗುರುತಾದರೆ ತೊಂದರೆ ಗೊತ್ತಿತ್ತು. ಕೊಚ್ಚಿಯ ಯೆಹೂದಿಗಳು ಮಧ್ಯಾಹ್ನವೂ ಸುರುಳಿಗಳನ್ನು ಹೊರತಂದು ಸಿನಗಾಗ್ ಕಟ್ಟಡದ ಸುತ್ತಲೇ ಪ್ರದಕ್ಷಿಣೆ ಬರುತ್ತಿದ್ದರು. 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಇಸ್ರೇಲಿನಲ್ಲಿ ಇದೇ ಹಬ್ಬದ ಬೆಳಗ್ಗೆ ನಡೆಯಿತು. ಅಲ್ಲಿಂದೀಚೆಗೆ ಸತ್ತವರ ನೆನಪಿಗೆ ಒಂದು ಸುತ್ತನ್ನು ಮೀಸಲಿಡುವ ಸಭೆಗಳುಂಟು. ಇಡಬೇಕು. ಕುಣಿತವನ್ನು ಮಾತ್ರ ಬಿಡಬಾರದು.

ಬೆಳಗ್ಗೆ ಮೂರು ಸುರುಳಿ. ಒಂದರಲ್ಲಿ ಧರ್ಮೋಪದೇಶಕಾಂಡದ ಕೊನೆ, ಮೋಶೆಯ ಮರಣ. ಮುಗಿದ ಕೂಡಲೇ ಎರಡನೆಯದರಲ್ಲಿ ಆದಿಕಾಂಡದ ಮೊದಲ ಸಾಲು. ಪಾರಾಯಣಕ್ಕೆ ಒಂದು ದಿನದ ಬಿಡುವೂ ಇಲ್ಲ. ಮೂರನೆಯದು ಅರಣ್ಯಕಾಂಡ, ದಿನದ ಬಲಿಯ ಭಾಗ. ಮೂರನ್ನೂ ಹಬ್ಬಕ್ಕೆ ಮುಂಚೆಯೇ ಸರಿಯಾದ ಜಾಗಕ್ಕೆ ಸುತ್ತಿಡಿ. ಓದಿದ ನಂತರ ಎತ್ತಿ ತೋರಿಸುವವರಿಗೆ ಎಚ್ಚರ ಬೇಕು: ಬರಹ ಬಲದಿಂದ ಎಡಕ್ಕೆ ಸಾಗುವುದರಿಂದ ಧರ್ಮೋಪದೇಶಕಾಂಡ ಮುಗಿದಾಗ ಭಾರವೆಲ್ಲ ಬಲಗೈಗೆ, ಆದಿಕಾಂಡದಲ್ಲಿ ಎಡಗೈಗೆ. ಎಡಗೈ ಬಲವಾದವರನ್ನು ಎರಡನೆಯದಕ್ಕೆ ಆರಿಸಿ. ಸುರುಳಿಯನ್ನು ಮೇಜಿನ ಅಂಚಿನಿಂದ ಅರ್ಧ ಹೊರಗೆ ಎಳೆದು, ಮಂಡಿ ಬಗ್ಗಿಸಿ, ಹಿಡಿಗಳನ್ನು ಕೆಳಕ್ಕೆ ಒತ್ತಿ, ಆಮೇಲೆ ನೇರ ನಿಲ್ಲಬೇಕು. ತೋಳಿನ ಬಲದಿಂದಲೇ ಎತ್ತಲು ಹೋದರೆ ಒಂದು ಕಡೆ ವಾಲುತ್ತದೆ.

ಅಂದು ಪ್ರತಿಯೊಬ್ಬರಿಗೂ ಓದಿಗೆ ಕರೆ ಸಿಗುತ್ತದೆ. ಎಲ್ಲರದೂ ಮುಗಿಯುವ ತನಕ ಅದೇ ಭಾಗವನ್ನು ಮತ್ತೆ ಮತ್ತೆ ಓದುತ್ತಾರೆ. 13 ತುಂಬದ ಮಕ್ಕಳನ್ನು ಒಂದು ದೊಡ್ಡ ಪ್ರಾರ್ಥನಾ ಶಾಲಿನ ಕೆಳಗೆ ಒಟ್ಟಿಗೆ ನಿಲ್ಲಿಸುವಾಗ ನಾಲ್ಕು ಮೂಲೆ ಹಿಡಿಯಲು ಎತ್ತರದ ವಿದ್ಯಾರ್ಥಿಗಳನ್ನು ಕರೆಯಿರಿ. ಆದಿಕಾಂಡ ಓದುವಾಗ 'ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು' ಎಂಬಲ್ಲಿ ಸಭೆ ಮೊದಲು ಕೂಗಿ ಹೇಳುತ್ತದೆ. ನಾಲ್ಕೇ ಹೀಬ್ರೂ ಪದ, ಚೀಟಿಯಲ್ಲಿ ಬರೆದು ಹಬ್ಬಕ್ಕೆ ಮುಂಚೆ ಹಂಚಿಡಿ. ತರಗತಿಗೆ ಹೋಗಿ ರಾತ್ರಿಯ ಸುತ್ತು, ಬೆಳಗಿನ ಓದು ಎರಡೂ ತಪ್ಪಿದವರಿಗೂ ದಾರಿಯಿದೆ. ಹಬ್ಬ ಕಳೆದ ರಾತ್ರಿ ಇಸ್ರೇಲಿನಲ್ಲಿ ಮತ್ತೊಮ್ಮೆ ಏಳು ಸುತ್ತು ಬರುತ್ತಾರೆ, ಆಗ ವಾದ್ಯಕ್ಕೂ ಮೈಕಿಗೂ ನಿಷೇಧವಿಲ್ಲ.