ಕಾಫಿ ಕಣದಲ್ಲಿ ಒಂದು ಮಿಶ್ರಣದ ಪಾಠ

ಈ ಸಲ ಹುತ್ತರಿ ರಜೆಗೆ ಅಕ್ಕನ ಮಗಳು ಸೋಮವಾರಪೇಟೆಗೆ, ನಮ್ಮ ಮನೆಗೆ ಬಂದಿದ್ದಳು. ಒಂಬತ್ತನೇ ಕ್ಲಾಸು. ರಜೆ ಮುಗಿದ ಕೂಡಲೇ ಟೆಸ್ಟ್ ಅಂತೆ. ಜಗಲಿಯಲ್ಲಿ ಕೂತು ಸಮರೂಪ ಮಿಶ್ರಣ, ಅಸಮರೂಪ ಮಿಶ್ರಣ, ದ್ರಾವಣ, ನಿಲಂಬನ, ಕಲಿಲ ಅಂತ ಬಾಯಿಪಾಠ ಮಾಡ್ತಾ ಇದ್ದಳು. ಹತ್ತು ಹೆಜ್ಜೆ ಆಚೆ ಕಣದಲ್ಲಿ ನಡೀತಾ ಇದ್ದದ್ದೂ ಅದೇ. ನನಗೆ ಸುಮ್ನೆ ಇರೋಕೆ ಆಗಲಿಲ್ಲ. "ಪುಸ್ತಕ ಮುಚ್ಚಿಡು, ಬಾ" ಅಂತ ಕರೆದುಕೊಂಡು ಹೋದೆ.

ಆ ದಿನ ಕುಯ್ದ ಅರೇಬಿಕಾ ಹಣ್ಣನ್ನು ನೀರಿನ ತೊಟ್ಟಿಗೆ ಸುರಿಯುತ್ತಿದ್ದರು. ಒಳ್ಳೆ ಹಣ್ಣು ತಳಕ್ಕೆ ಇಳಿಯಿತು. ಜೊಳ್ಳು, ಒಣಗಿದ್ದು, ಕಾಯಿಕೊರಕ ತಿಂದದ್ದು ಎಲ್ಲ ಮೇಲೆ ತೇಲಿತು. "ಯಾಕೆ ತೇಲಿತು ಹೇಳು?" ಅಂದೆ. "ಹಗುರ ಅಲ್ವಾ ಚಿಕ್ಕಮ್ಮ" ಅಂದಳು. ಒಂದು ತೇಲಿದ ಹಣ್ಣು, ಒಂದು ಮುಳುಗಿದ ಹಣ್ಣು ಅವಳ ಕೈಗೆ ಕೊಟ್ಟು ಎರಡನ್ನೂ ಹಿಸುಕು ಅಂದೆ. ಗಾತ್ರ ಒಂದೇ. ಮುಳುಗಿದ್ದರಿಂದ ಎರಡು ಬೀಜ ಪುಸಕ್ಕಂತ ಹೊರಗೆ ಬಂತು. ತೇಲಿದ್ದರೊಳಗೆ ಕಪ್ಪಗೆ ಪುಡಿಪುಡಿ, ಉಳಿದದ್ದು ಟೊಳ್ಳು. ಒಂದೇ ಗಾತ್ರದೊಳಗೆ ಎಷ್ಟು ತೂಕ ತುಂಬಿದೆ ಅನ್ನೋದೇ ಸಾಂದ್ರತೆ. ಆ ಪದ ಅವಳಿಗೆ ಗೊತ್ತಿತ್ತು, ಆದರೆ ಅದು ಕೈಗೆ ಸಿಕ್ಕಿದ್ದು ಆಗಲೇ ಅಂತ ನನಗೆ ಅನಿಸಿತು.

ನಾನು ಅವಳಿಗೆ ಹೇಳಿದ್ದು ಇಷ್ಟೇ. ಯಾವ ಮಿಶ್ರಣ ಕೊಟ್ಟರೂ ಮೊದಲು ವಿಧಾನದ ಹೆಸರು ಹುಡುಕಬೇಡ, ಇದರಲ್ಲಿ ಇರುವ ವಸ್ತುಗಳು ಒಂದಕ್ಕೊಂದು ಯಾವುದರಲ್ಲಿ ಬೇರೆ ಅಂತ ಕೇಳು. ತೂಕದಲ್ಲಾ, ಗಾತ್ರದಲ್ಲಾ, ನೀರಲ್ಲಿ ಕರಗೋದರಲ್ಲಾ, ಕುದಿಯೋದರಲ್ಲಾ? ಆ ಬೇರೆತನ ಸಿಕ್ಕಿದರೆ ದಾರಿ ತಾನೇ ಕಾಣುತ್ತದೆ. ಮೊರದಲ್ಲಿ ಮೆಣಸು ಕೇರುವಾಗ ಗಾಳಿ ಹಗುರ ಇರೋದನ್ನು ಒಯ್ಯುತ್ತದೆ. ಕಾಫಿ ಬೀಜ ಹದ ಮಾಡಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಜರಡಿ ಗಾತ್ರ ನೋಡುತ್ತದೆ, 7.10 ಮಿಲಿಮೀಟರ್ ತೂತಿನ ಮೇಲೆ ನಿಂತದ್ದು ಎಎ ಗ್ರೇಡ್, 6.65ರ ಮೇಲೆ ನಿಂತದ್ದು ಎ. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಬೆಳೆದು ಗುಂಡಗಾಗುತ್ತದಲ್ಲ, ಆ ಪೀಬೆರಿಗೆ ಉದ್ದ ಸೀಳಿನ ಜರಡಿ, ಅಲ್ಲಿ ನೋಡೋದು ಆಕಾರ.

ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಹತ್ತಿರ ಅವಳು ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಸಿಪ್ಪೆ ಹೋದ ಮೇಲೂ ಬೀಜಕ್ಕೆ ಲೋಳೆ ಅಂಟಿಕೊಂಡಿರುತ್ತದೆ, ಎಷ್ಟು ತೊಳೆದರೂ ಜಾರುತ್ತಲೇ ಇರುತ್ತದೆ. "ಇದೂ ಮಿಶ್ರಣ ತಾನೇ, ನೀರಲ್ಲಿ ಯಾಕೆ ಹೋಗಲ್ಲ?" ಅದನ್ನು ಒಂದು ದಿನ, ಚಳಿ ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು, ಹುಳಿಯಲು ಬಿಡುತ್ತೇವೆ. ಸೂಕ್ಷ್ಮಜೀವಿಗಳು ಲೋಳೆಯಲ್ಲಿರುವ ಪೆಕ್ಟಿನ್ ಅನ್ನೋ ಅಂಟು ವಸ್ತುವನ್ನು ಒಡೆದು ಹಾಕುತ್ತವೆ, ಆಮೇಲೆ ನೀರಿಗೆ ಬಿಡುತ್ತದೆ. ಹಾಗಾದರೆ ಅದು ಬರೀ ಬೇರ್ಪಡಿಸೋದಲ್ಲ, ಅಲ್ಲಿ ವಸ್ತುವೇ ಬದಲಾಗಿದೆ. ಜರಡಿ, ಮೊರ, ತೊಟ್ಟಿ ಯಾವುದೂ ವಸ್ತುವನ್ನು ಬದಲಾಯಿಸೋದಿಲ್ಲ. ಈ ಗೆರೆ ಗೊತ್ತಾದರೆ ಮಿಶ್ರಣ ಬೇರೆ, ಧಾತುಗಳು ರಾಸಾಯನಿಕವಾಗಿ ಸೇರಿ ಆದ ಸಂಯುಕ್ತ ಬೇರೆ ಅನ್ನೋದು ಸುಲಭ. ಉಪ್ಪುನೀರಿನಿಂದ ಉಪ್ಪು ತೆಗೆಯಬಹುದು. ಉಪ್ಪಿನಿಂದ ಸೋಡಿಯಂ ತೆಗೆಯೋಕೆ ಕಾಸಿದರೆ, ಸೋಸಿದರೆ ಆಗಲ್ಲ.

ರಾತ್ರಿ ಕರೆಂಟ್ ಹೋಗಿತ್ತು, ಟಾರ್ಚ್ ಹೇಗೂ ಕೈಯಲ್ಲಿತ್ತು. ಮೂರು ಗ್ಲಾಸ್ ಇಟ್ಟೆವು. ಉಪ್ಪುನೀರಿನಲ್ಲಿ ಬೆಳಕಿನ ದಾರಿ ಕಾಣಲಿಲ್ಲ. ಎರಡು ಹನಿ ಹಾಲು ಹಾಕಿದ ನೀರಿನಲ್ಲಿ ಕೋಲು ಇಟ್ಟ ಹಾಗೆ ಕಂಡಿತು. ತೋಟದ ಮಣ್ಣು ಕದಡಿದ ನೀರಿನಲ್ಲೂ ಕಂಡಿತು, ಆದರೆ ಬೆಳಗಾಗುವ ಹೊತ್ತಿಗೆ ಮಣ್ಣು ತಳ ಹಿಡಿದಿತ್ತು, ಹಾಲು ಹಾಗೇ ಇತ್ತು. ಉಪ್ಪುನೀರು ದ್ರಾವಣ, ಹಾಲಿನ ನೀರು ಕಲಿಲ, ಮಣ್ಣಿನ ನೀರು ನಿಲಂಬನ, ಮೂರೂ ಮುಗಿಯಿತು. ಬೆಳಿಗ್ಗೆ ಸಿಲ್ವರ್ ಓಕ್ ಮರಗಳ ನಡುವೆ ಮಂಜಿನಲ್ಲಿ ಬಿಸಿಲು ಕೋಲುಕೋಲಾಗಿ ಇಳಿಯೋದನ್ನು ನೋಡಿ "ಟಿಂಡಾಲ್ ಪರಿಣಾಮ!" ಅಂತ ಅವಳೇ ಕೂಗಿದಳು. ಸಣ್ಣ ಕಣಗಳು ಬೆಳಕನ್ನು ಚದುರಿಸಿ ಅದರ ದಾರಿ ಕಾಣಿಸೋದಕ್ಕೆ ಆ ಹೆಸರು.

ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವಾಗ ಇನ್ನೊಂದು ವಿಷಯ ತೋರಿಸಿದೆ. ಚರಟ ಮೇಲೆ ನಿಲ್ಲುತ್ತದೆ, ಬಣ್ಣ, ಕಹಿ, ಕೆಫೀನ್ ಕೆಳಗೆ ಬರುತ್ತದೆ. ಕರಗಿದ್ದನ್ನು ಸೋಸೋಕೆ ಆಗಲ್ಲ. ಹಾಗಾದರೆ ಕೆಫೀನ್ ಒಂದನ್ನೇ ತೆಗೆಯೋದು ಹೇಗೆ? ಅದನ್ನು ಮೊದಲು ಮಾಡಿದ್ದು ರುಂಗೆ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞ. 1819ರಲ್ಲಿ ಕವಿ ಗಯಟೆ ಅವನ ಕೈಗೆ ಕಾಫಿ ಬೀಜ ಕೊಟ್ಟು ಪರೀಕ್ಷಿಸು ಅಂದಿದ್ದನಂತೆ, ಆಗ ಅವನಿಗೆ ಇಪ್ಪತ್ತೈದರ ಆಸುಪಾಸು. ಅದೇ ರುಂಗೆ ಮುಂದೆ ಹೀರುಕಾಗದದ ಮೇಲೆ ಬಣ್ಣಗಳು ಹರಡಿ ಬೇರೆಯಾಗೋದನ್ನೂ ನೋಡುತ್ತಾ ಕೂತಿದ್ದ. ನಾವೂ ಕಾಫಿ ಫಿಲ್ಟರ್ ಪೇಪರಿನ ಒಂದು ಪಟ್ಟಿಗೆ ಕಪ್ಪು ಸ್ಕೆಚ್ ಪೆನ್ನಿನ ಚುಕ್ಕೆ ಇಟ್ಟು ತುದಿಯನ್ನು ನೀರಿಗೆ ತಾಗಿಸಿದೆವು. ಕಪ್ಪು ಮೇಲೇರುತ್ತಾ ನೀಲಿ, ಗುಲಾಬಿ, ಹಳದಿ ಆಯಿತು. ಆ ಪಟ್ಟಿ ಈಗಲೂ ಅಡುಗೆಮನೆ ಕಿಟಕಿಗೆ ಅಂಟಿಕೊಂಡಿದೆ.

ಕೊನೆಗೆ ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿ, ಅದರ ಬಾಟಲಿ ತೆಗೆದೆ. ಪಕ್ಕದ ಮನೆ ಅಜ್ಜಿ ಮಳೆಗಾಲದಲ್ಲಿ ಕಾಚಂಪುಳಿ ಹಣ್ಣಿನ ರಸ ಇಳಿಸಿ, ಸೌದೆ ಒಲೆಯಲ್ಲಿ ಕಾಸಿ ಕಾಸಿ ಕೊಟ್ಟದ್ದು. ಕಪ್ಪಗೆ, ಚಮಚದಿಂದ ಜೇನಿನ ಹಾಗೆ ಇಳಿಯುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಹುಳಿ ಉಳಿಯುತ್ತದೆ. "ಹೋದ ನೀರೇ ಬೇಕು ಅಂದರೆ?" ಅಂದಳು. ಒಂದು ಚಮಚ ಕಾಚಂಪುಳಿಗೆ ನೀರು ಸೇರಿಸಿ ಕುದಿಸಿ, ಮೇಲೆ ತಣ್ಣನೆ ಸ್ಟೀಲ್ ತಟ್ಟೆ ಹಿಡಿದೆ. ಬಟ್ಟಿ ಇಳಿಸೋದು ಅಂದರೆ ಇದೇ. ತಟ್ಟೆಯ ಕೆಳಗೆ ಹನಿ ಕಟ್ಟಿತು. ಅವಳು ಬೆರಳಲ್ಲಿ ಮುಟ್ಟಿ ನೆಕ್ಕಿ ನೋಡಿದಳು. ಹುಳಿ ಇರಲಿಲ್ಲ. ಆದರೆ ಕಾಚಂಪುಳಿಯ ವಾಸನೆ ಸ್ವಲ್ಪ ಇತ್ತು. "ಚಿಕ್ಕಮ್ಮ, ಹಾಗಾದರೆ ವಾಸನೆಯೂ ನೀರಿನ ಜೊತೆ ಹಾರುತ್ತೆ, ಅದನ್ನು ನೀರಿನಿಂದ ಹೇಗೆ ಬಿಡಿಸೋದು?" ಅಂದಳು. ಅಷ್ಟು ಹೊತ್ತಿಗೆ ಬಸ್ಸಿಗೆ ಟೈಮ್ ಆಗಿತ್ತು.