ಬಿಸಿಯೂಟದ ಅಕ್ಕನಿಗೂ ಒಂದು ಕುರ್ಚಿ

ಸಕಲೇಶಪುರದ ಕಡೆ ಮಳೆ ಹಿಡಿದರೆ ಬಿಡೋದಿಲ್ಲ. ಅಂಥ ಜುಲೈನಲ್ಲೂ ನಮ್ಮ ಶಾಲೆಯ ಬಿಸಿಯೂಟದ ಅಕ್ಕ ಬೇಗ ಬಂದು ಹಾಲಿನ ಪುಡಿ ಕದಡುತ್ತಾರೆ. ಮೊದಲು ಹೀಗಿರಲಿಲ್ಲ. ಗೌರವಧನ ಆಗಲೂ ಕಡಿಮೆ, ಈಗಲೂ ಕಡಿಮೆ. ಹೊಸ ಹೆಡ್ ಮೇಷ್ಟ್ರು ಬಂದ ಮೇಲೆ ಸ್ಟಾಫ್ ಮೀಟಿಂಗ್‌ಗೆ ಅವರನ್ನೂ ಕರೆದು, ಕುರ್ಚಿ ಕೊಟ್ಟು, "ಅಕ್ಕ, ಮಕ್ಕಳು ಯಾವತ್ತು ಸಾಂಬಾರ್ ಜಾಸ್ತಿ ಬಿಡ್ತಾರೆ?" ಅಂತ ಕೇಳಿದರು.

"ಕುಂಬಳಕಾಯಿ ದಿನ ಸಾರ್. ಹೋಳು ದೊಡ್ಡದಾದ್ರೆ ಪಕ್ಕಕ್ಕಿಡ್ತಾರೆ."

ಆಮೇಲೆ ಹೋಳು ಸಣ್ಣದಾಯಿತು, ತಟ್ಟೆ ಖಾಲಿಯಾಯಿತು.

ಸಂಬಳ ಸಾಲದಿದ್ದರೆ ಬೇಜಾರು ಬರುತ್ತದೆ, ಆದರೆ ಹುಮ್ಮಸ್ಸು ಬರೋದು ಮೆಚ್ಚುಗೆಯಿಂದ, ಜವಾಬ್ದಾರಿಯಿಂದ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದರು. ಅವರು ಮಾತಾಡಿಸಿದ್ದು ಇಂಜಿನಿಯರ್‌ಗಳನ್ನು, ಅಕೌಂಟೆಂಟ್‌ಗಳನ್ನು, ಅಡುಗೆಯವರನ್ನಲ್ಲ, ಇರಲಿ. ಹಾಗಂತ ಗೌರವಧನ ಏರಿಸದೆ ಸುಮ್ನೆ ಶಾಲು ಹೊದಿಸಿ ಕೈತೊಳೆದುಕೊಂಡರೆ ನಾನಂತೂ ಒಪ್ಪುವುದಿಲ್ಲ.

ಮೆಚ್ಚುಗೆಯೂ ನೋಡಿ ಕೊಡಬೇಕು, ಅಲ್ವಾ? ಹಿಂದಿನ ಶಾಲೆಯಲ್ಲಿ ಸೆಪ್ಟೆಂಬರ್ 5ಕ್ಕೆ ನಮಗೆಲ್ಲ ಸ್ಮರಣಿಕೆ ಕೊಟ್ಟರು. ನನ್ನದರ ಮೇಲೆ ಬೇರೆಯವರ ಹೆಸರಿತ್ತು. ಈಗ ಅದರ ಮೇಲೆ ಸೀಮೆಸುಣ್ಣದ ಡಬ್ಬಿ ಇಡುತ್ತೇನೆ.